ಹಿತ್ತಿಲ ಭಟ್ಟಿಯ ಗುಮ್ಮಟ

ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಭಟ್ಟಿ ಕಟ್ಟಿದೆವು. ಕಟ್ಟಿದೆವು ಅನ್ನುವುದು ಮಾತಿನ ರೂಢಿ. ನಿಜವಾಗಿ ಕಟ್ಟಿದವಳು ಖಾನಾಪುರದ ಒಬ್ಬ ಹೆಣ್ಣುಮಗಳು. ನಾನು ಕಾಗದದ ಮೇಲೆ ಗೆರೆ ಎಳೆದೆ, ಬುಟ್ಟಿಯಲ್ಲಿ ಮಣ್ಣು ಹೊತ್ತೆ. ಮತ್ತು ಒಂದು ಸೋಮವಾರ ಬೆಳಿಗ್ಗೆ, ಆಕೆ ಆ ಗುಮ್ಮಟದೊಳಗೆ ಅಂಗಾತ ಮಲಗಿದ್ದಾಗ, ಆಡಲೇಬೇಕಾಗಿದ್ದ ಒಂದು ಮಾತನ್ನು ಆಡದೆ ನಿಂತುಬಿಟ್ಟೆ. ಅದಾಗಿ ನಲವತ್ತು ವರ್ಷ ದಾಟಿವೆ. ಯಾವುದಾದರೂ ಕೆಲಸ ಮಾಡುತ್ತ ಕೈ ಸುಮ್ಮನಾದರೆ ಸಾಕು, ಆ ಒಂದು ಗಳಿಗೆ ಮತ್ತೆ ಮೊದಲಿನಿಂದ ಸುರುವಾಗುತ್ತದೆ.

ಭಟ್ಟಿ ಬೇಕು ಅಂದವಳು ದೊಡ್ಡವ್ವ. ಕಾಲೇಜು ಓದಲೆಂದು ನಾನು ದೊಡ್ಡಪ್ಪನ ಮನೆಯಲ್ಲಿ ಇದ್ದೆ. ಆಗೆಲ್ಲ ಬೆಳಗಾವಿಯಲ್ಲಿ ದೀಪಾವಳಿ ಬಂತೆಂದರೆ ಹೆಂಗಸರು ಮನೆಯಲ್ಲೇ ನಾನಖಟಾಯಿಯ ಹಿಟ್ಟು ನಾದಿ, ಉಂಡೆ ತಟ್ಟಿ, ತಗಡಿನ ಟ್ರೇಗಳಲ್ಲಿ ಜೋಡಿಸಿ ಬೇಕರಿಗೆ ಒಯ್ಯುತ್ತಿದ್ದರು. ಬೇಯಿಸಿಕೊಡುವುದಷ್ಟೇ ಬೇಕರಿಯವನ ಪಾಲು. ಸರದಿ ಬರುವ ತನಕ ಟ್ರೇ ಕಾಯುತ್ತ ಅಲ್ಲೇ ಕಟ್ಟೆಯ ಮೇಲೆ ಕುಳಿತಿರಬೇಕು. ಒಂದು ವರ್ಷ ಗದ್ದಲದಲ್ಲಿ ಟ್ರೇ ಅದಲುಬದಲಾಗಿ, ಮನೆಯ ತುಪ್ಪ ಹಾಕಿ ಮಾಡಿದ್ದ ದೊಡ್ಡವ್ವನ ಪಾಲಿಗೆ ಯಾರದೋ ಡಾಲ್ಡಾದ ನಾನಖಟಾಯಿ ಬಂದವು. ಆ ದುಃಖ ಆಕೆಗೆ ಮುಂದಿನ ದೀಪಾವಳಿಯವರೆಗೂ ಇತ್ತು. ಊಟಕ್ಕೆ ಕುಳಿತಾಗೆಲ್ಲ, ನನ್ನ ತುಪ್ಪಾ ಯಾರ ಹೊಟ್ಟಿಗೆ ಹೋತೋ ಏನೋ ಅನ್ನುವಳು. ಕೊನೆಗೆ ಒಂದು ದಿನ, ಹಿತ್ತಿಲಲ್ಲಿ ನಮ್ಮದೇ ಒಂದು ಸಣ್ಣ ಭಟ್ಟಿ ಹಾಕಿಸೋಣ ಎಂದು ದೊಡ್ಡಪ್ಪನ ಮುಂದೆ ಮಾತು ತೆಗೆದಳು.

ದೊಡ್ಡಪ್ಪನದು ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ. ನಗುವುದು ಕಡಿಮೆ, ಅವತ್ತು ನಕ್ಕ. "ಭಟ್ಟಿ ಹಾಕಿ ನನಗ ಪಾವ್ ಮಾರಾಕ ಹಚ್ಚತೀ ಏನ?" ಅಂದ.

"ಮಾರಿದ್ರ ಏನಾತು? ದಿನಾ ಬೆಲ್ಲದ ಮ್ಯಾಲಿನ ನೊಣಾ ಹೊಡಿಯೂದರ ತಪ್ಪತೈತಿ," ಅಂದಳು ದೊಡ್ಡವ್ವ. ಆ ಮಾತಿನ ಮೇಲೆ ಭಟ್ಟಿ ಖಾತ್ರಿಯಾಯಿತು.

ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ನೌಕರಿಗಾಗಿ ಕಾಯುತ್ತಿದ್ದ ವರ್ಷ ಅದು. ಕೈಯಲ್ಲಿ ಕೆಲಸವಿಲ್ಲ, ತಲೆಯಲ್ಲಿ ವಿದ್ಯೆ ಬಿಸಿಯಾಗಿದೆ. ಲೈಬ್ರರಿಯಿಂದ ಕಮಾನು, ಗುಮ್ಮಟಗಳ ಪುಸ್ತಕ ತಂದೆ. ಗ್ರಾಫ್ ಕಾಗದದ ಮೇಲೆ ಕೈವಾರದಿಂದ ಅಚ್ಚುಕಟ್ಟಾದ ಅರ್ಧಗೋಲ ಬರೆದು, ಒಂದೊಂದು ಇಟ್ಟಿಗೆಯನ್ನೂ ಗುರುತು ಮಾಡಿದೆ. ಊರಿನ ಗೌಂಡಿಗಳು ಅದನ್ನು ನೋಡಿ, ಗ್ವಾಡಿ ಬೇಕಾದ್ರ ಕಟ್ಟತೇವ್ರಿ, ಸಿಮೆಂಟಿಲ್ಲದ ಗುಮ್ಮಟಾ ನಮ್ಮಿಂದ ಆಗೂದಿಲ್ಲ ಎಂದು ಕೈ ಬಿಟ್ಟರು. ಪೇಟೆಯಲ್ಲಿ ಹೆಂಚು ಮಾರುವವರೊಬ್ಬರು, ಖಾನಾಪುರದಲ್ಲಿ ಕುಂಬಾರ ಗಂಡಹೆಂಡತಿ ಇದ್ದಾರೆ, ಅವರನ್ನು ಕೇಳಿ ಅಂದರು. ರೈಲು ಹತ್ತಿ ಹೋದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗಂಡ ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದ. ನಾನು ಕಾಗದ ಬಿಚ್ಚಿ ಅವನಿಗೆ ಎಲ್ಲ ವಿವರಿಸಿದೆ. ಅವನು ಕೊನೆಯವರೆಗೂ ಮರ್ಯಾದೆಯಿಂದ ಕೇಳಿ, ಆಮೇಲೆ ಜಗುಲಿಯ ಕಡೆ ಕೈ ತೋರಿಸಿದ. "ಭಟ್ಟಿ ಆಕಿ ಕೆಲಸಾರಿ. ನಾ ಬರೇ ಮಣ್ಣ ಹೊರಾಂವ."

ಜಗುಲಿಯ ಮೇಲೆ ಕಚ್ಚೆ ಸೀರೆಯುಟ್ಟ, ನಲವತ್ತು ದಾಟಿದ, ಹುಡುಗಿಯಷ್ಟೇ ಸಣ್ಣ ಮೈಯ ಹೆಂಗಸು ಕುಳಿತಿದ್ದಳು. ತವರು ಹಲಸಿಯ ಕಡೆಯದಂತೆ. ಮದುವೆಯಾಗಿ ಬಂದಾಗಿನಿಂದ ಹೆಂಚಿನ ಭಟ್ಟಿಗಳ ಒಳಹೊಕ್ಕು ದುರಸ್ತಿ ಮಾಡುತ್ತ ಬಂದವಳು. ಗಂಡಸರ ಭುಜ ಹಿಡಿಸದ ಕಡೆ ಆಕೆ ಹೋಗುತ್ತಿದ್ದಳು. ಗಂಡಹೆಂಡತಿ ತಮ್ಮತಮ್ಮಲ್ಲಿ ಮರಾಠಿ ಆಡಿಕೊಂಡರು, ನನ್ನ ಜೊತೆ ಕನ್ನಡ. ಆಕೆ ನನ್ನ ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿ, ಇದರಾಗ ಬಾಯಿ ಯಾವುದ್ರಿ ಅಂದಳು. ತೋರಿಸಿದೆ. ತಲೆ ಅಲ್ಲಾಡಿಸಿದಳು.

"ಬಾಯಿ ಭಾಳ ದೊಡ್ಡದಾತ್ರಿ. ಬಾಯಿಬಡಕಿ ಹೊಟ್ಟ್ಯಾಗ ಮಾತ ನಿಂದರತೈತೇನು? ಕಾವೂ ಹಂಗ."

ಆಮೇಲೆ ಕೆಳಗಿಳಿದು ನೆಲದ ಮೇಲೆ ಬೆರಳಿನಿಂದ ತಾನೇ ಒಂದು ಬರೆದಳು. ನೆಲದ ಅಗಲ ಎರಡು ಮೊಳ ಒಂದು ಗೇಣು, ಎತ್ತರ ಒಂದೂಮುಕ್ಕಾಲು ಮೊಳ, ಬಾಯಿಯ ಎತ್ತರ ಒಂದು ಮೊಳಕ್ಕೆ ಎರಡೂವರೆ ಬೆರಳು ಮೇಲೆ. ಮೊಳ ಎಂದರೆ ಆಕೆಯ ಮೊಳ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಬಾಯಿಯ ಎತ್ತರಕ್ಕೂ ಗುಮ್ಮಟದ ಎತ್ತರಕ್ಕೂ ಇರಬೇಕಾದ ಪ್ರಮಾಣವನ್ನು ಎರಡು ಪುಟ ಬರೆದಿದ್ದರು. ಆಕೆಯ ಲೆಕ್ಕ ಅದಕ್ಕೆ ಕೂದಲೆಳೆಯಷ್ಟೂ ದೂರವಿರಲಿಲ್ಲ. ನನ್ನ ಗ್ರಾಫ್ ಕಾಗದವನ್ನು ಮಡಚಿ ಅದೇ ಪುಸ್ತಕದಲ್ಲಿಟ್ಟು ಲೈಬ್ರರಿಗೆ ತಿರುಗಿಸಿಕೊಟ್ಟೆ.

ಮಣ್ಣು ಖಾನಾಪುರದಿಂದಲೇ ಬಂತು. ಆಕೆ ಒಂದು ಚೂರು ನಾಲಿಗೆಯ ಮೇಲಿಟ್ಟು, ಆಮೇಲೆ ಬತ್ತಿ ಹೊಸೆದು ಬೆರಳಿಗೆ ಸುತ್ತಿ, ಬಿರಿಯದಿದ್ದರೆ ಮಾತ್ರ ಆ ಮಣ್ಣಿನ ಗುಡ್ಡೆಯನ್ನು ಒಪ್ಪುತ್ತಿದ್ದಳು. ಅದಕ್ಕೆ ಭತ್ತದ ಹೊಟ್ಟು, ದೊಡ್ಡಪ್ಪನ ಅಂಗಡಿಯ ಡಬ್ಬಿಗಳ ತಳದಲ್ಲಿ ಉಳಿದ ಜೋನಿಬೆಲ್ಲ ಸೇರಿಸಿ ನಾಲ್ಕು ದಿನ ತುಳಿದೆವು. ಸೊಂಟದೆತ್ತರ ಕಲ್ಲಿನ ಕಟ್ಟೆ. ಅದರ ಮೇಲೆ ಕಲ್ಲುಪ್ಪು, ಒಡೆದ ಗಾಜು, ಉಸುಕು ಹರಡಿ, ಮೇಲೆ ದಪ್ಪ ಹೆಂಚಿನ ನೆಲ. ಉಪ್ಪು, ಗಾಜು ಯಾಕೆ ಎಂದರೆ, ಕಾವು ಹಿಡಕೊಂಡು ಕುಂದರತಾವು ಅಂದಳು. ನೆಲದ ಮೇಲೆ ಹಸಿ ಉಸುಕನ್ನು ಗುಡ್ಡೆ ಹಾಕಿ, ಅಂಗೈಯಿಂದ ತಟ್ಟಿ ತಟ್ಟಿ, ಕವುಚಿಟ್ಟ ಗಡಿಗೆಯ ಹಾಗೆ ಮಾಡಿದಳು. ಅದರ ಮೇಲೆ ತೊಯ್ಸಿದ ಹಳೆಯ ಪೇಪರು ಹೊದಿಸಿದಳು. ಇಟ್ಟಿಗೆ ಉಸುಕಿಗೆ ಅಂಟಬಾರದೆಂದು. ನಮ್ಮ ಮನೆಗೆ ಕನ್ನಡದ್ದೂ ಮರಾಠಿಯದೂ ಎರಡೂ ಪೇಪರು ಬರುತ್ತಿದ್ದವು. ಆಕೆಗೆ ಓದು ಬರುತ್ತಿರಲಿಲ್ಲ, ಎರಡನ್ನೂ ಸರಿಸಮ ಬಳಸಿದಳು.

ಆಕೆ ಇಟ್ಟಿಗೆ ಇಡುವುದನ್ನು ನೋಡುತ್ತ ನಾನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಕುಳಿತಿರುತ್ತಿದ್ದೆ. ಅರ್ಧ ಇಟ್ಟಿಗೆ ಕೈಗೆತ್ತಿಕೊಂಡು ನೀರಲ್ಲಿ ಅದ್ದಿ, ಮಣ್ಣು ಸವರಿ, ಇಟ್ಟು, ಬೆರಳಗೆಣ್ಣಿನಿಂದ ಒಂದು ಸಲ ಬಡಿದು ಕಿವಿಗೊಡುವಳು. ಸುತ್ತಿನ ಮೇಲೆ ಸುತ್ತು ಒಳಕ್ಕೆ ವಾಲುತ್ತ ಏರಿತು. ದಾರವಿಲ್ಲ, ತೂಗುಗುಂಡಿಲ್ಲ, ಮಟ್ಟಗೋಲಿಲ್ಲ. ಒಂದು ಸಂಜೆ ನಾನೂ ಎರಡು ಇಟ್ಟಿಗೆ ಇಟ್ಟೆ. ಚಲೋ ಆತ್ರಿ ಅಂದಳು. ಮರುದಿನ ಬೆಳಿಗ್ಗೆ ನೋಡಿದರೆ ಆ ಎರಡೂ ಇಟ್ಟಿಗೆ ಕೆಳಗೆ ಒರಗಿಸಿಟ್ಟಿದ್ದವು, ಅವುಗಳ ಜಾಗದಲ್ಲಿ ಬೇರೆ ಎರಡು ಕುಳಿತಿದ್ದವು.

ನೆತ್ತಿಯ ಇಟ್ಟಿಗೆ ಕೂತದ್ದು ಶನಿವಾರ. ಒಳಗಿನ ಉಸುಕು ತೆಗೆಯಲು ಗುರುವಾರದ ತನಕ ತಡೆಯಬೇಕು ಎಂದಳು. ಆದರೆ ದೊಡ್ಡಪ್ಪ ಅಷ್ಟರಲ್ಲಿ ಮಠದ ಅಯ್ಯನವರನ್ನು ಕೇಳಿ ಬಂದಿದ್ದ. ಸೋಮವಾರ, ಬೆಳಿಗ್ಗೆ ಹತ್ತರೊಳಗೆ ಒಳ್ಳೆಯ ವೇಳೆ, ಅದು ತಪ್ಪಿದರೆ ಹದಿನೈದು ದಿನ ಇಲ್ಲ. ಮಾತು ಎರಡೂ ಕಡೆ ಎಳೆದಾಡಿತು. ಕೊನೆಗೆ ಒಂದು ರಾಜಿಯಾಯಿತು. ಸೋಮವಾರ ಬೆಂಕಿ ಹಾಕುವುದು ಬೇಡ. ಹುಷಾರಿನಿಂದ ಉಸುಕು ತೆಗೆದು, ಒಳಮೈಗೆ ಮಣ್ಣು ಮೆತ್ತಿ ಮೊದಲ ಗಿಲಾವು ಮಾಡಲಿ, ದೊಡ್ಡಪ್ಪ ವೇಳೆಗೆ ಸರಿಯಾಗಿ ಪೂಜೆ ಮುಗಿಸಲಿ. ಪೂಜೆ ಎಂದರೆ ಕುಂಕುಮ, ಹೂವು, ಊದಿನಕಡ್ಡಿ ಎಂದು ಆಕೆ ತಿಳಿದಳು. ನಾನೂ ಹಾಗೇ ತಿಳಿದೆ.

ಭಾನುವಾರ ಸಂಜೆ ದೊಡ್ಡಪ್ಪ ಗುಮ್ಮಟದ ಸುತ್ತ ಒಂದು ಸುತ್ತು ಬಂದು, ಒಳಗಿನ ಉಸುಕು ತೆಗೆದರೆ ಇದು ಹೇಗೆ ನಿಲ್ಲುತ್ತದೆ ಎಂದು ಕೇಳಿದ. ನನಗೆ ಅದೇ ಬೇಕಾಗಿತ್ತು. ಇಟ್ಟಿಗೆಗಳು ಒಂದನ್ನೊಂದು ಹೇಗೆ ಒತ್ತಿ ಹಿಡಿಯುತ್ತವೆ ಎಂದು ಕೈ ಜೋಡಿಸಿ ತೋರಿಸಿದೆ. "ಮ್ಯಾಲಿಂದ ಭಾರ ಬಿದ್ದಷ್ಟೂ ಗುಮ್ಮಟ ಗಟ್ಟಿ ಆಗತೈತಿ ದೊಡ್ಡಪ್ಪಾ," ಅಂದೆ. ಅವನು ಮೆಚ್ಚಿ ತಲೆದೂಗಿದ. ಓದಿದ ಹುಡುಗ ಎಂದು ಹೆಮ್ಮೆ ಅವನಿಗೆ. ಪುಸ್ತಕದಲ್ಲಿ ಆ ವಾಕ್ಯ ಇತ್ತು. ಒಣಗಿದ ಗುಮ್ಮಟದ ಮಾತು ಅದು. ಮೆಲ್ಲಗೆ ಕೂರುವ ಭಾರ ಬೇರೆ, ಹೊಡೆತ ಬೇರೆ ಎಂಬುದು ಮುಂದಿನ ಪುಟದಲ್ಲಿತ್ತು. ಅದನ್ನೂ ಓದಿದ್ದೆ.

ಸೋಮವಾರ ಬೆಳಕು ಹರಿಯುವಾಗಲೇ ಬಾಯಿಯೊಳಗೆ ಕೈ ಹಾಕಿ ಉಸುಕು ಎಳೆಯತೊಡಗಿದರು. ಪೂರ್ತಿ ಖಾಲಿಯಾದ ಮೇಲೆ ಆಕೆ ಹೊರಗಿನಿಂದ ಸುತ್ತಲೂ ಬಡಿದು ನೋಡಿ, ಹಸೀ ಐತಿ, ಆದ್ರ ನಿಂತೈತಿ ಅಂದಳು. ಆಮೇಲೆ ಕಟ್ಟೆಯ ಮೇಲೆ ಅಂಗಾತ ಮಲಗಿ, ತಲೆ ಮೊದಲು ಮಾಡಿ, ಹಾವಿನ ಹಾಗೆ ಒಳಕ್ಕೆ ಜಾರಿದಳು. ಒಳಗೆ ಮೊಣಕಾಲು ಮಡಚಿಕೊಂಡಿದ್ದಳು, ಅಂಗಾಲುಗಳೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಪೇಪರು ಸುಲಿಯುವ ಸದ್ದು ಬರುತ್ತಿತ್ತು. ಗಂಡ ಗಿಲಾವಿನ ಮಣ್ಣು ಕಲಸಲು ನಲ್ಲಿಯ ಕಡೆ ಹೋದ. ದೊಡ್ಡವ್ವ ಅಡಿಗೆಮನೆಯಲ್ಲಿದ್ದಳು.

ದೊಡ್ಡಪ್ಪ ಸ್ನಾನ ಮುಗಿಸಿ, ವಿಭೂತಿ ಧರಿಸಿ, ತಲೆಗೆ ರುಮಾಲು ಸುತ್ತಿ, ತಟ್ಟೆ ಹಿಡಿದು ಬಂದ. ಭಟ್ಟಿಯ ಬಾಯಿ ಪೂರ್ವಕ್ಕಿತ್ತು. ಪೂರ್ವಕ್ಕೆ ಮುಖ ಮಾಡಿ ನಿಂತರೆ ಭಟ್ಟಿಯ ಹಿಂಬದಿಗೇ ನಿಲ್ಲಬೇಕು. ಅಲ್ಲಿಂದ ಅವನಿಗೆ ಬಾಯಿಯೂ ಕಾಣದು, ಪಾದಗಳೂ ಕಾಣವು. ನಾನು ಮುಂದುಗಡೆ, ಬಾಯಿಯ ಬಲಕ್ಕೆ ನಿಂತಿದ್ದೆ. ನನಗೆ ಎರಡೂ ಕಾಣುತ್ತಿದ್ದವು.

ಕುಂಕುಮ ಹಚ್ಚಿದ. ಹೂವು ಇಟ್ಟ. ಊದಿನಕಡ್ಡಿ ಬೆಳಗಿದ. ಆಮೇಲೆ ತಟ್ಟೆಯಿಂದ ತೆಂಗಿನಕಾಯಿ ತೆಗೆದುಕೊಂಡ.

ನಮ್ಮ ಮನೆತನದಲ್ಲಿ ಕಾಯಿಯನ್ನು ಪೂಜೆ ಮಾಡಿದ ವಸ್ತುವಿನ ಮೇಲೆಯೇ ಒಡೆಯುವುದು. ಹೊಸ ಗಾಡಿಯಾದರೆ ಗಾಡಿಯ ನೊಗಕ್ಕೆ, ಬಾವಿಯಾದರೆ ಬಾವಿಯ ಕಟ್ಟೆಗೆ, ಅಂಗಡಿಯಾದರೆ ಹೊಸ್ತಿಲಿಗೆ. ಪಕ್ಕದಲ್ಲಿ ಕಲ್ಲಿಟ್ಟು ಒಡೆದರೆ ಅದು ಆ ಕಲ್ಲಿನ ಪೂಜೆಯಾಯಿತು ಎಂದು ಅಜ್ಜ ಅನ್ನುತ್ತಿದ್ದನಂತೆ. ಇನ್ನೊಂದು ಕಟ್ಟುಪಾಡು ಇತ್ತು. ಕಾಯಿ ಎತ್ತಿದ ಕೈಗೆ ಅಡ್ಡ ಮಾತಾಡಬಾರದು. ಬ್ಯಾಡ, ನಿಲ್ಲು, ತಡಿ, ಇಂಥ ಒಂದು ಶಬ್ದವೂ ಆ ಹೊತ್ತಿಗೆ ಬಾಯಿಂದ ಬೀಳಬಾರದು. ಸಣ್ಣವನಿದ್ದಾಗ ಅಂಗಡಿಯ ಪೂಜೆಯಲ್ಲಿ ನಡುವೆ ಬಾಯಿ ಹಾಕಿ ಪೆಟ್ಟು ತಿಂದಿದ್ದೆ.

ಅವನ ಕೈ ಮೇಲೇರಿತು. ನಾನು ಆ ಅಂಗಾಲುಗಳನ್ನು ನೋಡಿದೆ. ಕೈಯನ್ನು ನೋಡಿದೆ. ಒಂದು ಉಸಿರಿನಷ್ಟು ವೇಳೆ ಇತ್ತು. ಅದು ಸಾಕಾಗುತ್ತಿತ್ತು. ಮಾತು ಗಂಟಲಿಗೆ ಬಂದದ್ದೂ ನೆನಪಿದೆ. ಗುಮ್ಮಟ ತಡೆಯುತ್ತದೆ ಎಂದು ಯಾರೋ ನನ್ನೊಳಗೆ ಹೇಳಿದ್ದೂ ನೆನಪಿದೆ, ಮತ್ತು ಹಾಗೆ ಹೇಳಿದವನು ನಾನೇ.

ಮೊದಲು ಕಾಯಿ ಒಡೆದ ಸದ್ದು. ಅದರ ಬೆನ್ನಿಗೇ, ತೊಯ್ದ ಚೀಲವನ್ನು ನೆಲಕ್ಕೆ ಇಳಿಸಿದಂಥ ಒಂದು ಮಂದ ಸದ್ದು. ನೆತ್ತಿಯ ಇಟ್ಟಿಗೆಗಳು, ಹಿಟ್ಟು ನಾದುವ ಪರಾತದಷ್ಟು ಅಗಲ, ನಾಲ್ಕು ಬೆರಳು ಕೆಳಕ್ಕೆ ಕುಸಿದು ನಿಂತವು. ಕಾಯಿಯ ನೀರು ಆ ಬಿರುಕಿನಲ್ಲಿ ಇಳಿಯಿತು. ಹೊರಗಿನ ಪಾದಗಳು ಒಮ್ಮೆ ಥಟ್ಟನೆ ಮಡಚಿ, ಸ್ಥಿರವಾದವು.

ಗಂಡ ಮಣ್ಣಿನ ಕೈಯಲ್ಲೇ ಓಡಿ ಬಂದು, ಕುಸಿದ ಇಟ್ಟಿಗೆ ಎತ್ತಲು ನೆತ್ತಿಗೆ ಕೈ ಹಾಕಿದ. ಆಗ ಒಳಗಿನಿಂದ ದನಿ ಬಂತು. ದೂರದ ಬಾವಿಯಿಂದ ಬಂದಂತೆ, ಆದರೆ ಒಂದಿಷ್ಟೂ ಏರದ ದನಿ.

"ಅಹೋ, ಹಾತ ಲಾವೂ ನಕಾ."

ಮುಟ್ಟಬೇಡಿ ಎಂದು. ಅವನ ಕೈ ಗಾಳಿಯಲ್ಲೇ ನಿಂತಿತು. ಆಕೆ ಎರಡೂ ಅಂಗೈಗಳಿಂದ ಆ ಇಟ್ಟಿಗೆಗಳನ್ನು ಕೆಳಗಿನಿಂದ ಒತ್ತಿ ಹಿಡಿದಿದ್ದಳು. ಮೇಲಿನಿಂದ ಒಂದನ್ನು ಎತ್ತಿದರೂ ಉಳಿದವೆಲ್ಲ ಸಡಿಲಾಗಿ ಎದೆಯ ಮೇಲೆ ಬೀಳುತ್ತಿದ್ದವು. ಅದು ಹೊರಗಿದ್ದ ನಮಗೆ ತಿಳಿಯಲಿಲ್ಲ. ಒಳಗೆ ಕಣ್ಣಿಗೆ ಮಣ್ಣು ಬಿದ್ದು ಏನೂ ಕಾಣದಿದ್ದ ಆಕೆಗೆ ತಿಳಿದಿತ್ತು.

ಗಂಡನಿಗೆ ಮರಾಠಿಯಲ್ಲಿ, ಉಸುಕನ್ನು ಸಣ್ಣ ಸಣ್ಣ ಗಂಟು ಕಟ್ಟಿ ಒಳಗೆ ದೂಡಲು ಹೇಳಿದಳು. ನಂತರ ನನಗೆ: "ಸಣ್ಣ ಸಾವ್ಕಾರ್ರ, ಅಡಿಗಿಮನ್ಯಾಗಿನ ಮಣಿ ತರ್ರಿ. ಅವ್ವಾರು ಕುಂದರೂದಲ್ಲ, ಅದರ ಬಾಜೂಕಿನ ಗಿಡ್ಡಂದು."

ಹದಿನೈದು ದಿನ ನಮ್ಮ ಹಿತ್ತಿಲ ಪಡಸಾಲೆಯಲ್ಲಿ ಊಟ ಮಾಡುತ್ತ ಆಕೆ ಆ ಮಣೆಗಳನ್ನು ನೋಡಿದ್ದಳು, ಅಷ್ಟೇ. ಯಾವುದು ತನ್ನ ಎದೆಯ ಮೇಲೆ ಅಡ್ಡ ಹಿಡಿಸುತ್ತದೆ ಎಂದು ಆ ಹೊತ್ತಿನಲ್ಲಿ ನೆನಪಿಗೆ ತಂದುಕೊಂಡಳು. ನಾನು ಓಡಿದೆ.

ತಿರುಗಿ ಬಂದಾಗ ಗಂಡ ಬೆಲ್ಲದ ಚೀಲಕ್ಕೆ ಉಸುಕು ತುಂಬುತ್ತಿದ್ದ. ಚೀಲ ದಪ್ಪವಾಗಿ ಆಕೆಯ ಕಾಲ ಪಕ್ಕದಲ್ಲಿ ತೂರಲಿಲ್ಲ. ಅರಿವೆ, ಅರಿವೆ ಎಂದು ಅವನು ಸುತ್ತ ನೋಡಿದ. ಆಗ ದೊಡ್ಡಪ್ಪ, ಆ ತನಕ ಕಾಯಿಯ ಹೋಳು ಹಿಡಿದು ಕಲ್ಲಿನಂತೆ ನಿಂತಿದ್ದವನು, ತಲೆಯ ರುಮಾಲು ಬಿಚ್ಚಿ ಕೊಟ್ಟ. ರುಮಾಲಿಲ್ಲದ ತಲೆಯಲ್ಲಿ ಅವನನ್ನು ಹೊರಗಿನವರು ಯಾರೂ ನೋಡಿರಲಿಲ್ಲ. ದೊಡ್ಡವ್ವ ಇಳಿಗೆ ಮಣೆ ತಂದು ಆ ಉದ್ದ ಬಟ್ಟೆಯನ್ನು ತುಂಡು ತುಂಡು ಕೊಯ್ದಳು. ದೊಡ್ಡಪ್ಪ ನೆಲಕ್ಕೆ ಕುಳಿತು ಉಸುಕು ಹಾಕಿ ಗಂಟು ಕಟ್ಟತೊಡಗಿದ. ನಾನು ಗಂಡನ ಕೈಗೆ ದಾಟಿಸಿದೆ. ಅವನು ಭುಜದವರೆಗೂ ಕೈ ಹಾಕಿ ಒಳಗೆ ದೂಡಿದ.

ಒಳಗಿನಿಂದ ಆಕೆ ಹೇಳುತ್ತಿದ್ದಳು. ಎಡಕ್ಕ ಒಂದು. ಅದರ ಮ್ಯಾಲ ಇನ್ನೊಂದು. ಈಗ ಬಲಕ್ಕ. ಸಾವಕಾಶ. ನಡುವೆ ಮಾತು ನಿಲ್ಲುತ್ತಿತ್ತು, ಬರೀ ಉಸಿರು ಕೇಳುತ್ತಿತ್ತು. ಆ ಮೌನಗಳಲ್ಲಿ ಗಂಡ ಆಕೆಯ ಹಿಮ್ಮಡಿಯನ್ನು ಎರಡು ಬೆರಳಿನಿಂದ ಮುಟ್ಟುವನು. ಹೆಬ್ಬೆರಳು ಅಲುಗಾಡುವುದು. ಮತ್ತೆ ಕೆಲಸ ನಡೆಯುವುದು. ಪಕ್ಕದ ಮನೆಯ ರೇಡಿಯೋದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಹತ್ತಿತು, ಅದೂ ಮುಗಿಯಿತು.

ಆಕೆಯ ಎದೆಯ ಎರಡೂ ಬದಿಗೆ ಗಂಟುಗಳ ಎರಡು ಕಂಬ ಎದ್ದವು. ಮಣೆಯನ್ನು ಕಾಲ ಕಡೆಯಿಂದ ತೂರಿಸಿದೆವು. ಅದನ್ನು ಆಕೆ ಮೊಣಕಾಲಿನಿಂದ ಮೇಲಕ್ಕೆ ಸರಿಸಿಕೊಂಡು, ಒಂದು ಕೈಯಲ್ಲಿ ಇಟ್ಟಿಗೆ ಹಿಡಿದಂತೆಯೇ ಇನ್ನೊಂದರಿಂದ ಕಂಬಗಳ ಮೇಲೆ ಕೂರಿಸಿದಳು. ಮಣೆಗೂ ಇಟ್ಟಿಗೆಗೂ ನಡುವೆ ಕೊನೆಯ ಎರಡು ಗಂಟು ತುರುಕಿದಳು. ತನ್ನ ಮೈ ಮೇಲೆ ತಾನೇ ಒಂದು ಸಣ್ಣ ಮಂಟಪ ಕಟ್ಟಿಕೊಂಡಿದ್ದಳು. ಆಮೇಲೆ ಒಂದೊಂದಾಗಿ ಕೈ ಬಿಟ್ಟಿರಬೇಕು. ನಮಗೆ ಕೇಳಿದ್ದು ಒಂದೇ ಮಾತು.

"ಓಢಾ."

ಎಳೆಯಿರಿ. ಗಂಡ ಒಂದು ಕಾಲು, ನಾನೊಂದು ಕಾಲು ಹಿಡಿದು ಎಳೆದೆವು. ಆಕೆ ಹೊರಬಂದಳು. ಮೈಯೆಲ್ಲ ಮಣ್ಣು, ಅಂಗೈಯ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಗಂಡ ನೆಲದ ಮೇಲೆ ಕುಸಿದು ಅತ್ತುಬಿಟ್ಟ. ಆಕೆ ನೀರು ಕೇಳಿ, ಬಾಯಿ ಮುಕ್ಕಳಿಸಿ ಉಗುಳಿ, ಕಣ್ಣು ತೊಳೆದುಕೊಂಡು, ಬರಿದಲೆಯಲ್ಲಿ ನಿಂತಿದ್ದ ದೊಡ್ಡಪ್ಪನನ್ನು ನೋಡಿದಳು.

"ಕಾಯಿ ಸಮಾ ಒಡದೈತೇನ್ರಿ, ಸಾವ್ಕಾರ್ರ?"

ದೊಡ್ಡಪ್ಪ ಕೈ ಮುಗಿದು, "ತಪ್ಪಾತವ್ವಾ," ಅಂದ.

"ನಿಮಗೇನು ಗೊತ್ರಿ. ಹೇಳೋರು ಯಾರೂ ಇದ್ದಿಲ್ಲ," ಅಂದಳು.

ನಾನು ಮಣೆ ತರುವ ನೆಪವೂ ಇಲ್ಲದೆ ಅಡಿಗೆಮನೆಗೆ ಹೋಗಿ ನಿಂತೆ.

ಭಟ್ಟಿಯೇ ಬೇಡ, ಒಡೆದು ಹಾಕಿಬಿಡೋಣ ಎಂದು ದೊಡ್ಡವ್ವ ಅವತ್ತೇ ತೀರ್ಮಾನಿಸಿದ್ದಳು. ಗಂಡನೂ ಅದನ್ನೇ ಅಂದ. ಆಕೆ ಒಪ್ಪಲಿಲ್ಲ. ಮರುದಿನ ಕೈಗೆ ಅರಿಶಿನದ ಪಟ್ಟಿ ಕಟ್ಟಿಕೊಂಡು ಬಂದು ಗುಮ್ಮಟವನ್ನು ಸುತ್ತಲೂ ಬಡಿದು ನೋಡಿದಳು. ಸುತ್ತುಗಳೆಲ್ಲ ಗಟ್ಟಿ, ಕೆಟ್ಟದ್ದು ನೆತ್ತಿ ಮಾತ್ರ. ಮತ್ತೆ ಒಳಗೆ ಉಸುಕು ತುಂಬಿಸಿ ನೆತ್ತಿಯನ್ನು ಬಿಚ್ಚಿ ಕಟ್ಟಿದಳು. ಈ ಸಲ ಹನ್ನೆರಡು ದಿನ ಕಾಯಿಸಿದಳು, ವೇಳೆ ನೋಡುವ ಮಾತನ್ನು ಯಾರೂ ಎತ್ತಲಿಲ್ಲ. ಆ ಭಟ್ಟಿ ಆಮೇಲೆ ಇಪ್ಪತ್ತು ದೀಪಾವಳಿ ಕಂಡಿತು. ನಮ್ಮ ಓಣಿಯ ಟ್ರೇಗಳೆಲ್ಲ ನಮ್ಮ ಹಿತ್ತಿಲಿಗೇ ಬರುತ್ತಿದ್ದವು. ಅದು ಬೇರೆ ಮಾತು.

ಒಳಗಿನ ಗಿಲಾವು ಉಳಿದಿತ್ತು. ಅದನ್ನು ಬಿಡು ಎಂದು ಗಂಡ ಬೇಡಿಕೊಂಡ. ಗಿಲಾವಿಲ್ಲದಿದ್ದರೆ ಇಟ್ಟಿಗೆಯ ಪುಡಿ ಬೇಯುವ ತಿಂಡಿಯ ಮೇಲೆ ಉದುರುತ್ತದೆ, ಬೆಳಗಾವಿಯ ಮಂದಿ ನನ್ನ ಕೆಲಸಕ್ಕೆ ಹೆಸರಿಡುತ್ತಾರೆ ಅಂದಳು ಆಕೆ. ಹದಿಮೂರನೆಯ ದಿನ, ಅದೇ ಕಟ್ಟೆಯ ಮೇಲೆ ಮಲಗಿ, ಅದೇ ಬಾಯಿಯೊಳಗೆ ಜಾರಿದಳು. ನಾನು ನೋಡುತ್ತಿದ್ದೆ. ಮೊದಲ ಸಲಕ್ಕಿಂತ ನಿಧಾನವೂ ಇಲ್ಲ, ಅವಸರವೂ ಇಲ್ಲ. ಆಕೆಗೆ ಭಯವಿರಲಿಲ್ಲ ಎಂದು ನಾನು ಹೇಳಲಾರೆ. ಒಳಹೋಗುವ ಮುಂಚೆ ಒಂದು ಗಳಿಗೆ ಬಾಯಿಯ ಕಮಾನಿನ ಮೇಲೆ ಕೈಯಿಟ್ಟು ನಿಂತಿದ್ದಳು. ದೊಡ್ಡಪ್ಪ ಅವತ್ತು ಅಂಗಡಿಗೆ ಹೋಗಲಿಲ್ಲ. ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿ, ಮೆಟ್ಟಿಲ ಮೇಲೆ ತಾನೇ ಕಾವಲು ಕುಳಿತ.

ನಾನು ಬಾಯಿಯ ಪಕ್ಕದಲ್ಲಿ ಕುಳಿತೆ. ಒಳಗೆ ಮಣ್ಣು ತಿಕ್ಕುವ ಸದ್ದು. ಅದು ನಿಂತಾಗೆಲ್ಲ, ಅಕ್ಕಾ, ಅದೀರೇನ್ರಿ ಎಂದು ಕೇಳುತ್ತಿದ್ದೆ. ನಾಲ್ಕನೆಯ ಸಲಕ್ಕೆ ಆಕೆ, "ಎಲ್ಲಿ ಹೋಗಲ್ರಿ? ಹಿಂದ ಬಾಗಲಾ ಇಟ್ಟಿಲ್ಲ," ಅಂದಳು.

ಆಗ ಹೇಳಿದೆ. ಅವತ್ತು ನಾನು ಇಲ್ಲೇ ನಿಂತಿದ್ದೆ, ನಿಮ್ಮ ಕಾಲೂ ಕಂಡಿತ್ತು, ಕಾಯಿ ಎತ್ತಿದ್ದೂ ಕಂಡಿತ್ತು, ಬಾಯಿ ತೆಗೆಯಲಿಲ್ಲ ಎಂದು. ಇಷ್ಟನ್ನು ಹೇಳಲು ಎರಡು ವಾರ ಹಿಡಿದಿತ್ತು. ಆಕೆಯ ಮುಖ ಎದುರಿಗಿದ್ದಿದ್ದರೆ ಅವತ್ತೂ ಹೇಳುತ್ತಿರಲಿಲ್ಲವೇನೋ.

ತಿಕ್ಕುವ ಸದ್ದು ನಿಂತಿತು.

"ಒಳಗ ಬೆಳಕು ಬಾಯಿಂದನ ಬರತೈತ್ರಿ," ಅಂದಳು. "ಅವತ್ತ ಯಾರೋ ಬಂದು ಬಾಜೂಕ ನಿಂತಿದ್ರು, ಅರ್ಧಾ ಕತ್ತಲಾಗಿತ್ತು. ನೀವ ಅಂತ ಗೊತ್ತಿತ್ತು."

ಮತ್ತೇನೋ ಬರುತ್ತದೆ ಎಂದು ಕಾದೆ. ಬೈಗುಳವಾದರೂ ಬರಲಿ ಅನ್ನಿಸಿತ್ತು. ಬರಲಿಲ್ಲ. ಸ್ವಲ್ಪ ಹೊತ್ತಿಗೆ ತಿಕ್ಕುವ ಸದ್ದು ಮತ್ತೆ ಸುರುವಾಯಿತು, ಒಂದೇ ಹದದಲ್ಲಿ. ಆಮೇಲೆ ಬರಿದಾದ ಒಂದು ಕೈ ಒಳಗಿನ ಕತ್ತಲಲ್ಲಿ ನನ್ನ ಕಡೆ ಚಾಚಿತು.

"ಮಣ್ಣ ಕೊಡ್ರಿ."

ನಾನು ಮಣ್ಣಿನ ಮುದ್ದೆ ಎತ್ತಿಕೊಂಡು, ಭುಜದವರೆಗೂ ತೋಳನ್ನು ಒಳಗೆ ಹಾಕಿ, ಆಕೆಯ ಕೈ ಸಿಗುವ ತನಕ ಚಾಚಿದೆ.